ಸಾಲ್ವರ್ ಇಟ್ಟುಕೊಂಡೇ ಪೋಕರ್ ಕಲಿಯಬಹುದಾ?

ಶನಿವಾರ ಸಂಜೆ ನಮ್ಮ ಮನೆ ಮಹಡಿಯಲ್ಲಿ ಆರೇಳು ಜನ ಸೇರಿ ಪೋಕರ್ ಆಡುತ್ತೇವೆ. ದುಡ್ಡಿಲ್ಲ, ಬರೀ ಪ್ಲಾಸ್ಟಿಕ್ ಚಿಪ್ಸ್. ಸೋತವರು ಕಾಫಿ ಲೋಟ ತೊಳೆಯಬೇಕು, ಅಷ್ಟೇ ಜೂಜು. ಹೊಸದಾಗಿ ಸೇರಿದವರು ಎರಡನೇ ವಾರಕ್ಕೇ ಒಂದು ಪ್ರಶ್ನೆ ತರುತ್ತಾರೆ: "ಸಾಲ್ವರ್ ಹಾಕಿಕೊಂಡು ಕಲಿತರೆ ಬೇಗ ಬರುತ್ತೆ ಅಲ್ವಾ?"

ಬರುವುದಿಲ್ಲ. ಸಾಲ್ವರ್ ಹೇಳುವುದೆಲ್ಲ ಸರಿಯೇ ಇರುತ್ತದೆ. ಆದರೆ ನಾವಿನ್ನೂ ಕೇಳದ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ.

ಸಾಲ್ವರ್ ಅಂದರೆ ಪೋಕರ್‌ನ ಲೆಕ್ಕ ಬಿಡಿಸುವ ಸಾಫ್ಟ್‌ವೇರ್. ಪಿಯೋಸಾಲ್ವರ್ ಅಂಥದ್ದೊಂದು. ಇಬ್ಬರ ಕೈಯಲ್ಲೂ ಯಾವ್ಯಾವ ಎಲೆ ಇರಬಹುದು, ಎಷ್ಟೆಷ್ಟು ಕಟ್ಟಬಹುದು ಎಂದು ನಾವು ತುಂಬಿ ಕೊಡಬೇಕು. ಅದು ತನ್ನ ಜೊತೆ ತಾನೇ ಆಡುತ್ತಾ, "ಅಲ್ಲಿ ಬೇರೆ ಥರ ಆಡಿದ್ದರೆ ಎಷ್ಟು ಸಿಗುತ್ತಿತ್ತು" ಎಂದು ಪ್ರತಿ ಸಲ ಕೊರಗಿ ತಿದ್ದಿಕೊಳ್ಳುತ್ತದೆ. ತಮಾಷೆಯಲ್ಲ, ಇಂಥ ಲೆಕ್ಕದ ಒಂದು ಮುಖ್ಯ ವಿಧಾನದ ಹೆಸರಿನಲ್ಲೇ ಪಶ್ಚಾತ್ತಾಪ ಎಂಬ ಮಾತಿದೆ. ಕೊನೆಗೆ ಎದುರಾಳಿ ಏನೇ ಮಾಡಿದರೂ ಮೋಸ ಹೋಗದಂಥ ಆಟಕ್ಕೆ ಬಂದು ನಿಲ್ಲುತ್ತದೆ.

ಈ ಲೆಕ್ಕದ ಶಕ್ತಿಯ ಬಗ್ಗೆ ಅನುಮಾನ ಬೇಡ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರೇ ಆಡುವ, ಕಟ್ಟುವ ಮೊತ್ತಕ್ಕೆ ಮಿತಿ ಇರುವ ಹೋಲ್ಡೆಮ್ ಎಂಬ ಪೋಕರ್ ಆಟವನ್ನು ಹೆಚ್ಚುಕಡಿಮೆ ಪೂರ್ತಿ ಬಿಡಿಸಿಬಿಟ್ಟರು. 4,800 ಪ್ರೊಸೆಸರ್‌ಗಳು 68 ದಿನ ದುಡಿದವು. 2017ರಲ್ಲಿ ಲಿಬ್ರಾಟಸ್ ಎಂಬ ಪ್ರೋಗ್ರಾಂ ಪಿಟ್ಸ್‌ಬರ್ಗ್‌ನ ಕ್ಯಾಸಿನೋ ಒಂದರಲ್ಲಿ 20 ದಿನ, 1,20,000 ಕೈ (ಒಂದು ಸಲ ಎಲೆ ಹಂಚಿ ಆಡಿ ಮುಗಿಸಿದರೆ ಒಂದು ಕೈ) ಆಡಿ, ನಾಲ್ವರು ವೃತ್ತಿಪರರನ್ನು ಸೋಲಿಸಿತು. ಆಗ ಮಿತಿಯೂ ಇರಲಿಲ್ಲ.

ಸರಿ, ಮತ್ತೆ ಯಾಕೆ ಬೇಡ? ಒಂದು ಪುಟ್ಟ ಆಟ ಕಟ್ಟಿ ತೋರಿಸುತ್ತೇನೆ. ಪೆನ್ನು ಕಾಗದ ಸಾಕು.

ಮೂರೇ ಎಲೆ: ಎಕ್ಕ ಎಲ್ಲಕ್ಕಿಂತ ದೊಡ್ಡದು, ಆಮೇಲೆ ರಾಜ, ಆಮೇಲೆ ರಾಣಿ. ನಿಮ್ಮ ಕೈಯಲ್ಲಿ ಯಾವಾಗಲೂ ರಾಜ. ನನ್ನ ಕೈಯಲ್ಲಿ ಅರ್ಧ ಸಲ ಎಕ್ಕ, ಅರ್ಧ ಸಲ ರಾಣಿ. ಮಧ್ಯದಲ್ಲಿ ಆಗಲೇ 100 ಚಿಪ್ಸ್ ಇದೆ. ನಾನು 100 ಕಟ್ಟಬಹುದು, ಇಲ್ಲ ಸುಮ್ನಿರಬಹುದು. ಕಟ್ಟಿದರೆ ನೀವು ಕಾಲ್ ಮಾಡಬೇಕು (ಅಂದರೆ ಅಷ್ಟೇ ಚಿಪ್ಸ್ ನೀವೂ ಹಾಕಬೇಕು), ಇಲ್ಲ ಎಲೆ ಕೆಳಗಿಡಬೇಕು.

ಎಕ್ಕ ಬಂದರೆ ನಾನು ಕಟ್ಟೇ ಕಟ್ಟುತ್ತೇನೆ. ರಾಣಿ ಬಂದರೆ? ಯಾವತ್ತೂ ಕಟ್ಟದಿದ್ದರೆ ನಾನು ಕಟ್ಟಿದಾಗೆಲ್ಲ ಎಕ್ಕ ಎಂದು ನಿಮಗೆ ಗೊತ್ತಾಗುತ್ತದೆ. ಯಾವಾಗಲೂ ಕಟ್ಟಿದರೆ ನೀವು ಕಣ್ಣು ಮುಚ್ಚಿ ಕಾಲ್ ಮಾಡುತ್ತೀರಿ. ಸಾಲ್ವರ್‌ನ ಉತ್ತರ: ರಾಣಿ ಬಂದಾಗ ಅರ್ಧ ಸಲ ಕಟ್ಟು. ಆಗ ಎರಡು ಎಕ್ಕಕ್ಕೆ ಒಂದು ಬ್ಲಫ್, ಅಂದರೆ ಬರೀ ಹೆದರಿಸಲು ಕಟ್ಟಿದ್ದು. ನೀವು 200 ಗೆಲ್ಲಲು 100 ಹಾಕುತ್ತಿದ್ದೀರಿ, ಮೂರರಲ್ಲಿ ಒಂದು ಸಲ ಗೆದ್ದರೆ ಸಮ. ಕಾಲ್ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಇನ್ನು ನನ್ನ ಗಳಿಕೆ. ಈ ಥರ ಆಡಿದರೆ ಒಂದು ಕೈಗೆ ಸರಾಸರಿ 75 ಚಿಪ್ಸ್ ಸಿಗುತ್ತದೆ. ನೀವು ಯಾವಾಗಲೂ ಕಾಲ್ ಮಾಡುವವರಾದರೆ? 75. ಯಾವತ್ತೂ ಮಾಡದವರಾದರೆ? ಆಗಲೂ 75. ಲೆಕ್ಕ ಹಾಕಿ ನೋಡಿ, ಮಜಾ ಇದೆ.

ಆದರೆ ನೀವು ಪ್ರತಿ ಸಲ ಕಾಲ್ ಮಾಡುತ್ತೀರಿ ಎಂದು ನನಗೆ ಗೊತ್ತಿದ್ದರೆ ನಾನು ಬ್ಲಫ್ ಪೂರ್ತಿ ನಿಲ್ಲಿಸುತ್ತೇನೆ. ಆಗ ಸಿಗುವುದು 100. ನೀವು ಹೆದರಿ ಪ್ರತಿ ಸಲ ಬಿಡುವವರಾದರೆ ರಾಣಿಯನ್ನೂ ಪ್ರತಿ ಸಲ ಕಟ್ಟುತ್ತೇನೆ. ಆಗಲೂ 100. ಆ ಉಳಿದ 25 ಚಿಪ್ಸ್ ಸಾಲ್ವರ್‌ನ ಉತ್ತರದಲ್ಲಿ ಇಲ್ಲ. ಎದುರಿಗೆ ಕೂತವರು ಯಾರು ಎಂದು ನೋಡಿ ತಿಳಿದುಕೊಳ್ಳಬೇಕು. (ನಿಜವಾದ ಆಟದಲ್ಲಿ ಕೆಲವು ತಪ್ಪುಗಳು ಸಾಲ್ವರ್ ಆಟದ ಎದುರೂ ನಷ್ಟ ತರುತ್ತವೆ, ಅದು ಬೇರೆ ಮಾತು. ಆದರೆ ಎದುರಾಳಿಗೆ ದೊಡ್ಡ ನಷ್ಟವಾಗಬೇಕಾದರೆ ಅವರ ತಪ್ಪನ್ನು ನಾವೇ ಹುಡುಕಿಕೊಂಡು ಹೋಗಬೇಕು.)

ಇದನ್ನು ನಾನು ಕಲಿತದ್ದು ಲೋಟ ತೊಳೆದು. ಆಟ ಶುರುಮಾಡಿದ ಹೊಸತರಲ್ಲೇ ಸಾಲ್ವರ್ ಹಾಕಿಕೊಂಡು ಒಂದಿಷ್ಟು ಬಾಯಿಪಾಠ ಮಾಡಿದ್ದೆ. ಒಂದು ಕೈಯಲ್ಲಿ ನನ್ನ ಹತ್ತಿರ ಏನೇನೂ ಇಲ್ಲ. ಇಂಥ ಜಾಗದಲ್ಲಿ ನೂರಕ್ಕೆ ಮೂವತ್ತು ಸಲ ರೈಸ್ ಮಾಡು (ಎದುರಾಳಿ ಕಟ್ಟಿದ್ದಕ್ಕಿಂತ ಹೆಚ್ಚು ಕಟ್ಟು) ಎಂದು ಓದಿದ ನೆನಪು. ಅದಕ್ಕೊಂದು ಉಪಾಯವೂ ಇತ್ತು: ಗಡಿಯಾರ ನೋಡು, 18ನೇ ಸೆಕೆಂಡಿನ ಒಳಗಿದ್ದರೆ ರೈಸ್. ನೋಡಿದೆ, 11ನೇ ಸೆಕೆಂಡು. ರೈಸ್ ಮಾಡಿದೆ. ಎದುರಿಗೆ ಪಕ್ಕದ ಮನೆಯ ಮೇಷ್ಟ್ರು, ಕೈಯಲ್ಲಿ ಒಂದು ಜೊತೆ ನಾಲ್ಕು. "ನೋಡೇ ಬಿಡೋಣ ಮಾರಾಯ" ಎಂದು ಫ್ಲಾಪ್, ಟರ್ನ್, ರಿವರ್ (ಎಲ್ಲರಿಗೂ ಸೇರಿದ ಎಲೆಗಳು ಮಧ್ಯದಲ್ಲಿ ಮೊದಲು ಮೂರು, ಆಮೇಲೆ ಒಂದು, ಮತ್ತೊಂದು ಎಂದು ಬೀಳುವ ಹಂತಗಳು) ಮೂರರಲ್ಲೂ ಕಾಲ್ ಮಾಡಿದರು. ಮೇಷ್ಟ್ರು ಯಾವತ್ತೂ ಎಲೆ ಬಿಡುವವರಲ್ಲ. ಅದು ಇಡೀ ಮಹಡಿಗೆ ಗೊತ್ತಿತ್ತು, ಗಡಿಯಾರ ನೋಡುತ್ತಿದ್ದ ನನಗೊಬ್ಬನಿಗೆ ಬಿಟ್ಟು.

ಮೂವತ್ತು ಎಂಬ ಅಂಕಿಯ ಅರ್ಥವೂ ಆಗ ನನಗೆ ಗೊತ್ತಿರಲಿಲ್ಲ. ಸಾಲ್ವರ್ ಒಂದೇ ಕೈಯನ್ನು ಸ್ವಲ್ಪ ಸಲ ಹೀಗೆ, ಸ್ವಲ್ಪ ಸಲ ಹಾಗೆ ಆಡು ಎಂದರೆ ಅದರ ಲೆಕ್ಕದಲ್ಲಿ ಎರಡೂ ದಾರಿಗೆ ಒಂದೇ ಬೆಲೆ. ಕಲಿಯುವವರು ಅದನ್ನೇ ಗಂಟೆಗಟ್ಟಲೆ ಉರು ಹೊಡೆಯುತ್ತಾರೆ. ಎಲ್ಲಿ ತಪ್ಪಿದರೆ ದುಬಾರಿಯಾಗುತ್ತದೆ ಎಂಬುದು ಹಾಗೇ ಉಳಿದುಹೋಗುತ್ತದೆ.

ಇನ್ನೊಂದು ವಿಷಯ. ಪಿಯೋದಂಥ ಸಾಲ್ವರ್ ಲೆಕ್ಕ ಹಾಕುವುದು ಇಬ್ಬರ ಆಟಕ್ಕೆ. ನಮ್ಮಲ್ಲಿ ಫ್ಲಾಪ್ ನೋಡಲು ಐದು ಜನ ನಿಂತಿರುತ್ತಾರೆ.

ಹಾಗಾದರೆ ಮೊದಲು ಏನು ಕಲಿಯಬೇಕು? ಯಾವ ಎಲೆ ಹಿಡಿದು ಆಟಕ್ಕೆ ಇಳಿಯಬೇಕು, ಅದನ್ನು. ಕೈಗೆ ಬರುವ ಎರಡೆಲೆಯಲ್ಲಿ 1,326 ಜೋಡಿಗಳಿವೆ. ಅದರಲ್ಲಿ ಬಹುಪಾಲು ಕಸ. ಅವನ್ನು ನೋಡಿದ ಕೂಡಲೇ ಕೆಳಗಿಡುವುದು ಅಭ್ಯಾಸವಾದರೆ ಅರ್ಧ ದಾರಿ ಸಾಗಿದಂತೆ. ಆಮೇಲೆ ಕಾಲ್‌ನ ಲೆಕ್ಕ. ಫ್ಲಾಪ್ ಆದಮೇಲೆ ನಿಮಗೆ ನಾಲ್ಕು ಆಟೀನು ಇದೆ, ಐದನೆಯದು ಬಂದರೆ ಗೆಲ್ಲುತ್ತೀರಿ ಅಂದುಕೊಳ್ಳಿ. ಕಾಣದ 47 ಎಲೆಯಲ್ಲಿ 9 ಆಟೀನು. ಮುಂದಿನ ಎಲೆಗೇ ಬರುವ ಸಾಧ್ಯತೆ ಹೆಚ್ಚುಕಡಿಮೆ ಐದಕ್ಕೆ ಒಂದು. ಎದುರಾಳಿ ಪಾಟ್‌ನ (ಮಧ್ಯದಲ್ಲಿ ಸೇರಿದ ಚಿಪ್ಸ್‌ನ) ಅರ್ಧ ಕಟ್ಟಿದರೆ ಕಾಲ್ ಸಮವಾಗಲು ನಾಲ್ಕಕ್ಕೆ ಒಂದು ಬೇಕು. ಕೊರತೆಯನ್ನು ಮುಂದೆ ವಸೂಲಿ ಮಾಡಲು ಆಗುತ್ತದಾ? ಮೇಷ್ಟ್ರ ಹತ್ತಿರ ಆಗುತ್ತದೆ. ಈ ಥರ ಯೋಚನೆ ಮಾಡಲು ಯಾವ ಸಾಫ್ಟ್‌ವೇರೂ ಬೇಡ.

ಅವಸರವೂ ಇಲ್ಲ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದೆ. ಯಂತ್ರದ ಥರ ಆಡುವವರ ಎದುರು ನಾಳೆಯೇ ದುಡ್ಡು ಹಾಕಿ ಕೂರಬೇಕಾದ ಪ್ರಸಂಗ ನಿಮಗಿಲ್ಲ.

ಸಾಲ್ವರ್ ತೆರೆಯುವ ಹೊತ್ತು ಯಾವಾಗ ಅಂತೀರಾ? ಹೋದ ತಿಂಗಳು ಒಬ್ಬ ಹುಡುಗ ಆ ಮೂರೆಲೆ ಆಟದ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಬಿಡಿಸಿಕೊಂಡು ಬಂದ. ಕೆಳಗೆ ತಾನೇ ಒಂದು ಪ್ರಶ್ನೆ ಬರೆದುಕೊಂಡಿದ್ದ: 100ರ ಬದಲು 50 ಮಾತ್ರ ಕಟ್ಟಿದರೆ ರಾಣಿಯನ್ನು ಎಷ್ಟು ಸಲ ಕಟ್ಟಬೇಕು? ಅದರ ಪಕ್ಕದಲ್ಲೇ ಉತ್ತರ: ಮೂರು ಎಕ್ಕಕ್ಕೆ ಒಂದು ರಾಣಿ. ಸರಿಯಾಗಿತ್ತು. ಅವತ್ತು ರಾತ್ರಿ ಅವನಿಗೆ ನನ್ನ ಲ್ಯಾಪ್‌ಟಾಪ್ ಕೊಟ್ಟೆ, ನಾನು ಲೋಟ ತೊಳೆಯಲು ಎದ್ದೆ.