ಹತ್ತು ಸಾವಿರ ತಾಸಿನ ಲೆಕ್ಕ

ಮಾಲ್ಕಂ ಗ್ಲಾಡ್‌ವೆಲ್ ಬರೆದ ‘ಔಟ್‌ಲೈಯರ್ಸ್’ 2008ರಲ್ಲಿ ಬಂದ ಪುಸ್ತಕ. ಓದಿದವರು ಉಳಿದದ್ದೆಲ್ಲ ಮರೆತರೂ 10,000 ತಾಸಿನ ಮಾತನ್ನು ಮರೆಯುವುದಿಲ್ಲ. ಯಾವ ವಿದ್ಯೆಯಾದರೂ ಅಷ್ಟು ಹೊತ್ತು ಸಾಧನೆ ಮಾಡಿದರೆ ಕೈಗೆ ಹತ್ತುತ್ತದೆ ಅಂತ ಎಲ್ಲರ ಬಾಯಲ್ಲೂ ಓಡಾಡುತ್ತದೆ.

ಶಿರಸಿಯಲ್ಲಿ ಡಿಗ್ರಿ ಓದುವ ನನ್ನ ಅಕ್ಕನ ಮಗ ಯಕ್ಷಗಾನದ ಮದ್ದಳೆ ಕಲಿಯುತ್ತಾನೆ. ಕಳೆದ ಮಳೆಗಾಲದಲ್ಲಿ ಅವರ ಮನೆಗೆ ಹೋದಾಗ ಮಾಣಿ ಮುಖ ಸಣ್ಣ ಮಾಡಿಕೊಂಡಿದ್ದ.

“ಇದು ಎನ್ನ ಕೈಲಿ ಆಪದಲ್ಲ ಮಾವಾ” ಅಂದ. ಆ ಪುಸ್ತಕ ಓದಿ ಲೆಕ್ಕ ಹಾಕಿದ್ದನಂತೆ. ದಿನಕ್ಕೆ ಒಂದು ತಾಸು ನುಡಿಸಿದರೆ 10,000 ಮುಟ್ಟಲು 27 ವರ್ಷ ಬೇಕು! ಇಪ್ಪತ್ತರ ಹುಡುಗನಿಗೆ ಅದು ಎಂಥ ಭಾರ ಅಲ್ವಾ? ನನಗೆ ನಿಜವಾಗಿ ಸಿಟ್ಟು ಬಂತು, ಅವನ ಮೇಲಲ್ಲ.

ಆ ಸಂಖ್ಯೆಯ ಮೂಲ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ. ಬರ್ಲಿನ್‌ನಲ್ಲಿ ವಯೊಲಿನ್ ಕಲಿಯುತ್ತಿದ್ದವರ ಮೇಲೆ ಮಾಡಿದ್ದು. ಅತಿ ಚೆನ್ನಾಗಿ ನುಡಿಸುತ್ತಿದ್ದವರು 20 ವರ್ಷಕ್ಕೆ ಮಾಡಿದ್ದ ಅಭ್ಯಾಸದ ಸರಾಸರಿ 10,000 ತಾಸು. ಸರಾಸರಿ ಮಾತ್ರ. ಅವರಲ್ಲೂ ಅರ್ಧದಷ್ಟು ಜನ ಅಲ್ಲಿಗೆ ಮುಟ್ಟಿರಲಿಲ್ಲ ಅಂತ ಎರಿಕ್ಸನ್ನರೇ ಆಮೇಲೆ ಬರೆದರು. ತಾಸಿಗಿಂತ ಅವರು ಒತ್ತಿ ಹೇಳಿದ್ದು ಬೇರೆಯೇ. ತಪ್ಪು ಹಿಡಿದು ತಿದ್ದುವ ಗುರು ಬೇಕು, ಆಗದ ಜಾಗವನ್ನೇ ಹಿಡಿದು ಅಭ್ಯಾಸ ಮಾಡಬೇಕು. ಬಂದದ್ದನ್ನೇ ಸುಮ್ನೆ ನುಡಿಸುತ್ತ ಕೂತರೆ ವರ್ಷ ಹೋಗುತ್ತದೆ, ಕೈ ಅಲ್ಲೇ ಇರುತ್ತದೆ.

ಮರುದಿನ ಮಾಣಿಯ ಪಾಠಕ್ಕೆ ನಾನೂ ಹೋದೆ. ಗುರುಗಳು ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಏಕತಾಳದಲ್ಲಿ ನಾಲ್ಕು ಸುತ್ತು ಆಗುವಷ್ಟರಲ್ಲಿ ಕೈ ಎತ್ತಿದರು.

“ಅಪ್ಪಿ, ನಿಲ್ಸು. ಬೆರಳು ಏಳ್ತಾ ಇಲ್ಲೆ. ನಾದ ಅಲ್ಲೇ ಸಾಯ್ತು.”

ಅವನ ತೋರುಬೆರಳನ್ನು ತಾವೇ ಹಿಡಿದು, ಮದ್ದಳೆಯ ನಡುವಿನ ಕರಿ ಬೊಟ್ಟಿನ ಅಂಚಿಗೆ ತಾಗಿಸಿ, ತಟ್ಟನೆ ಎತ್ತಿಸಿದರು. ಮತ್ತೆ. ಮತ್ತೆ. ಪಾಠದ ಬಹುಪಾಲು ಹೊತ್ತು ಆ ಒಂದೇ ಪೆಟ್ಟಿಗೆ ಹೋಯಿತು. ಕೊನೆಗೆ ನಾದ ಬಿಡಿಸಿಕೊಂಡು ಹೊರಗೆ ಬಂತು. ಪಕ್ಕದಲ್ಲಿದ್ದ ನನಗೂ ವ್ಯತ್ಯಾಸ ಗೊತ್ತಾಯಿತು, ಮಾಣಿಯ ಮುಖ ಅರಳಿತು.

ಇಂಥ ಪುಸ್ತಕಗಳನ್ನು ನಾನು ಹಳಿಯುವುದಿಲ್ಲ. ಗ್ಲಾಡ್‌ವೆಲ್ ಕತೆ ಹೇಳುವ ಪರಿ ನನಗಿಷ್ಟ, ಹುಡುಗರ ಕೈಗೆ ಪುಸ್ತಕ ಬರುವುದೂ ಒಳ್ಳೆಯದೇ. ಆದರೆ ಸಂಖ್ಯೆ ಮಾತ್ರ ಊರೂರು ತಿರುಗಿ, ಗುರು ಹಿಂದೆಯೇ ಉಳಿದದ್ದು ನನಗೆ ಸಹಿಸುವುದಿಲ್ಲ.

ಬರುವಾಗ ದಾರಿಯಲ್ಲಿ ಎರಿಕ್ಸನ್ನರ ವಿಷಯ ಪೂರ್ತಿ ಹೇಳಿದೆ. ಮಾಣಿ ಕೇಳಿದ್ದು ಒಂದೇ: “ಹಂಗಾರೆ ರೂಪಕ ತಾಳ ಯಾವಾಗ ಶುರು ಮಾಡ್ಲಕ್ಕು?” ಅದನ್ನು ಗುರುಗಳ ಹತ್ತಿರ ಕೇಳು ಅಂದೆ.