ಓ ರಿಂಗಿನ ಅಳತೆ: ಹಳೆಯ ರಿಂಗಿಗಿಂತ ಗ್ರೂವ್ ಮುಖ್ಯ

ಲೋಹದಲ್ಲಿ ಕೊರೆದ ತೋಡಿನಲ್ಲಿ, ಅಂದರೆ ಗ್ರೂವಿನಲ್ಲಿ, ಕೂತು ಸೋರಿಕೆ ತಡೆಯುವ ರಬ್ಬರ್ ಬಳೆಯೇ ಓ ರಿಂಗ್. ಸೋರುತ್ತಿರುವ ಜಾಯಿಂಟಿನಿಂದ ತೆಗೆದ ಹಳೆಯ ಓ ರಿಂಗನ್ನೇ ಮಾದರಿಯಾಗಿಟ್ಟುಕೊಂಡು ಹೊಸದನ್ನು ಆರಿಸಲು ಹೊರಡುವುದು ಸಹಜ. ಆದರೆ ಬಹುಕಾಲ ಒತ್ತಡದಲ್ಲಿ ಕುಳಿತ ರಬ್ಬರ್ ತನ್ನ ದುಂಡುತನವನ್ನು ಕಳೆದುಕೊಂಡು ಚಪ್ಪಟೆಯಾಗಿರುತ್ತದೆ, ಒಗ್ಗದ ಎಣ್ಣೆಯಲ್ಲಿ ನೆನೆದಿದ್ದರೆ ಊದಿಕೊಂಡಿರುತ್ತದೆ, ಬಿಸಿಗೆ ಸಿಕ್ಕಿದ್ದರೆ ಗಡುಸಾಗಿರುತ್ತದೆ. ಹೀಗಾಗಿ ಅದರ ಮೇಲೆ ತೆಗೆದ ಅಳತೆಯನ್ನು ಅಂದಾಜೆಂದು ಮಾತ್ರ ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ.

ಓ ರಿಂಗಿನ ಗಾತ್ರವನ್ನು ಒಳವ್ಯಾಸ ಮತ್ತು ದಪ್ಪ ಎಂಬ ಎರಡು ಅಳತೆಗಳಿಂದ ಗುರುತಿಸುತ್ತಾರೆ. ಇವೆರಡರಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ದಪ್ಪಕ್ಕೆ. 1.78 ಮಿ.ಮೀ. ದಪ್ಪದ ರಿಂಗ್ ಶೇ. 20ರಷ್ಟು ಅದುಮಿಕೊಂಡು ಕೂರಬೇಕಾದಲ್ಲಿ ಆ ಅದುಮಿಕೆ ಸುಮಾರು 0.36 ಮಿ.ಮೀ. ಮಾತ್ರ, ದಪ್ಪದಲ್ಲಿ 0.2 ಮಿ.ಮೀ. ಕಡಿಮೆಯಾದರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಟುಹೋಗುತ್ತದೆ. ಒಳವ್ಯಾಸ ಅಷ್ಟೇ ಕಡಿಮೆಯಿದ್ದರೆ, ತೀರಾ ಚಿಕ್ಕ ರಿಂಗುಗಳ ಹೊರತು, ರಬ್ಬರ್ ತುಸು ಹಿಗ್ಗಿ ಹೊಂದಿಕೊಳ್ಳುತ್ತದೆ.

ವರ್ನಿಯರ್ ಕ್ಯಾಲಿಪರಿನ ದವಡೆಗಳನ್ನು ಬಿಗಿದರೆ ಮೆತ್ತನೆಯ ರಬ್ಬರ್ ಕುಗ್ಗಿ ಸುಳ್ಳು ಅಳತೆ ಕೊಡುತ್ತದೆ. ದವಡೆಗಳು ರಿಂಗನ್ನು ಸೋಕಿದ ಕೂಡಲೇ ನಿಲ್ಲಿಸಿ, ಸುತ್ತಲೂ ಮೂರು ನಾಲ್ಕು ಕಡೆ, ಪ್ರತಿ ಕಡೆಯೂ ಮೇಲಿನಿಂದ ಕೆಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ ಅಳೆಯಬೇಕು. ಎರಡು ದಿಕ್ಕಿನ ಅಳತೆಗಳ ನಡುವೆ ಎದ್ದುಕಾಣುವ ಅಂತರವಿದ್ದರೆ ರಿಂಗ್ ಚಪ್ಪಟೆಯಾಗಿದೆ ಎಂದೇ ಅರ್ಥ. ಬಳಿಕ ಸಿಕ್ಕ ಸಂಖ್ಯೆಯನ್ನು ಪ್ರಮಾಣಿತ ದಪ್ಪಗಳೊಂದಿಗೆ ಹೋಲಿಸಬೇಕು: ಅಮೆರಿಕದ ಎಎಸ್568 ಮಾನಕದಲ್ಲಿ ಮುಖ್ಯವಾಗಿ 1.78, 2.62, 3.53, 5.33 ಮತ್ತು 6.99 ಮಿ.ಮೀ.; ಜಪಾನಿನ ಪಿ ಸರಣಿಯಲ್ಲಿ 1.9, 2.4, 3.5, 5.7 ಮತ್ತು 8.4 ಮಿ.ಮೀ. ಹಳೆಯ ರಿಂಗ್ 1.8 ತೋರಿಸಿದರೆ ಅದು 1.78ರದ್ದೋ, ಸವೆದ 1.9ರದ್ದೋ ಎಂಬುದನ್ನು ಯಂತ್ರ ಯಾವ ದೇಶದ ಮಾನಕದಂತೆ ತಯಾರಾಗಿದೆ ಎಂಬುದರಿಂದ ಊಹಿಸಬಹುದು.

ದೊಡ್ಡ ರಿಂಗುಗಳು ಮೇಜಿನ ಮೇಲೆ ದುಂಡಗೆ ನಿಲ್ಲುವುದಿಲ್ಲವಾದ್ದರಿಂದ ಹೇಗೂ ಎಸೆಯಲಿರುವ ರಿಂಗನ್ನು ಒಂದು ಕಡೆ ನೇರವಾಗಿ ಕತ್ತರಿಸಿ, ಎಳೆಯದೆ ಉದ್ದಕ್ಕೆ ಮಲಗಿಸಿ ಅಳೆಯುವುದೇ ಮೇಲು. ಆ ಉದ್ದವನ್ನು 3.1416ರಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಒಮ್ಮೆ ದಪ್ಪವನ್ನು ಕಳೆದರೆ ಒಳವ್ಯಾಸ ಸಿಗುತ್ತದೆ. ಉದ್ದ 89.6, ದಪ್ಪ 3.53 ಇದ್ದರೆ ಒಳವ್ಯಾಸ ಸುಮಾರು 25 ಮಿ.ಮೀ.; ಎಎಸ್568ರ 214ನೇ ಸಂಖ್ಯೆಯ ರಿಂಗ್ ಇದೇ ಗಾತ್ರದ್ದು.

ಇಷ್ಟಾದರೂ ಕೊನೆಯ ತೀರ್ಪು ಗ್ರೂವಿನದು, ಏಕೆಂದರೆ ಲೋಹ ರಬ್ಬರಿನಂತೆ ಊದುವುದೂ ಇಲ್ಲ, ಚಪ್ಪಟೆಯಾಗುವುದೂ ಇಲ್ಲ. ಪ್ಲಗ್ ಕೂರುವ ರಂಧ್ರದ ವ್ಯಾಸ 31.5, ಪ್ಲಗ್ಗಿನ ಗ್ರೂವಿನ ತಳದ ವ್ಯಾಸ 25.5 ಎಂದಿಟ್ಟುಕೊಳ್ಳಿ. ವ್ಯತ್ಯಾಸದ ಅರ್ಧ, ಅಂದರೆ 3 ಮಿ.ಮೀ., ರಬ್ಬರಿಗೆ ಉಳಿದ ಜಾಗ. ಅಲ್ಲಿ 3.53ರ ರಿಂಗ್ ಶೇ. 15ರಷ್ಟು ಅದುಮಿಕೊಳ್ಳುತ್ತದೆ, 25 ಮಿ.ಮೀ. ಒಳವ್ಯಾಸ ಶೇ. 2ರಷ್ಟು ಹಿಗ್ಗುತ್ತದೆ. ಹಿಗ್ಗುವಿಕೆ ಶೇ. 5ರ ಒಳಗಿರುವುದು ಒಳ್ಳೆಯದು. ಗ್ರೂವಿನ ಅಗಲವನ್ನೂ ಅಳೆಯಿರಿ. ಅದುಮಿದ ರಬ್ಬರಿಗೆ ಪಕ್ಕಕ್ಕೆ ಹರಡಲು ಸ್ಥಳ ಬೇಕು.

ಗಾತ್ರ ಸರಿಯಾದ ಮೇಲೆ ರಬ್ಬರಿನ ಜಾತಿಯನ್ನೂ ನೋಡಬೇಕು. ಪೆಟ್ರೋಲಿಯಂ ಎಣ್ಣೆಗೆ ನೈಟ್ರೈಲ್ ರಬ್ಬರ್ ಒಗ್ಗುತ್ತದೆ. ಇಪಿಡಿಎಂ ಎಂಬ ಇನ್ನೊಂದು ರಬ್ಬರ್ ಬಿಸಿನೀರಿಗೆ ಚೆನ್ನಾಗಿ ಬಾಳುತ್ತದೆಯಾದರೂ ಅದೇ ಎಣ್ಣೆಯಲ್ಲಿ ಊದಿಕೊಳ್ಳುತ್ತದೆ. ಆದ್ದರಿಂದ ಇಪಿಡಿಎಂ ರಿಂಗನ್ನು ಕೂರಿಸುವಾಗ ಪೆಟ್ರೋಲಿಯಂನಿಂದಲೇ ಆದ ವ್ಯಾಸಲಿನ್ ಬದಲು ಸಿಲಿಕೋನ್ ಗ್ರೀಸ್ ಹಚ್ಚಬೇಕು.