ಯಾರೂ ಇಡದ ಹೆಸರು ಬೇಕಂತೆ

"ಮಗುವಿಗೆ ಯಾರೂ ಇಡದ ಹೆಸರು ಒಂದು ಹೇಳಿ. ಎರಡೇ ಅಕ್ಷರ ಇರಲಿ, ಮಾಡರ್ನ್ ಆಗಿರಲಿ, ಸಂಸ್ಕೃತದಲ್ಲಿ ಒಳ್ಳೇ ಅರ್ಥ ಇರಲಿ. 'ಣ' ಅಕ್ಷರ ಬಂದಿದೆ. ನಾಮಕರಣ ನಾಳೆ."

ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ 'ಣ'. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಪಾದಕ್ಕೊಂದರಂತೆ ಒಟ್ಟು 108 ಅಕ್ಷರ. ಮಗು ಹುಟ್ಟಿದ ಪಾದದ ಅಕ್ಷರದಿಂದ ಹೆಸರು ಶುರುವಾಗಬೇಕು ಎನ್ನುವುದು ರೂಢಿ. ಹಸ್ತದ ಮೂರನೇ ಪಾದಕ್ಕೆ ಣ, ಆರ್ದ್ರೆಯ ಮೂರನೆಯದಕ್ಕೆ ಙ, ಉತ್ತರಾಭಾದ್ರೆಯ ನಾಲ್ಕನೆಯದಕ್ಕೆ ಞ. ಇವುಗಳಿಂದ ಶುರುವಾಗಿ ಹೆಸರಿಗೆ ಒದಗುವ ಪದ ಕನ್ನಡದಲ್ಲೂ ಇಲ್ಲ, ಸಂಸ್ಕೃತದಲ್ಲೂ ಇಲ್ಲ. ಹುಡುಕಬೇಡಿ. ನಕ್ಷತ್ರನಾಮ, ಮಾಸನಾಮ, ದೇವತಾನಾಮ, ವ್ಯವಹಾರನಾಮ ಅಂತ ನಾಲ್ಕು ಹೆಸರಿಡುವ ಸಂಪ್ರದಾಯ ಇರುವುದೇ ಇದಕ್ಕೆ. ಪಾದದ ಅಕ್ಷರ ನಕ್ಷತ್ರನಾಮಕ್ಕೆ ಸೇರಿದ್ದು. ಶಾಲೆಯಲ್ಲಿ ಹಾಜರಿ ಕರೆಯುವ ಹೆಸರಿಗೆ ಆ ಕಟ್ಟು ಇಲ್ಲ. ಅಕ್ಷರ ಬೇಕೇ ಬೇಕೆಂದರೆ ಅದೇ ನಕ್ಷತ್ರದ ಬೇರೆ ಪಾದದ್ದು ಹಿಡಿಯಿರಿ. ಹಸ್ತಕ್ಕೆ 'ಪು' ಇದೆಯಲ್ಲ.

ಇನ್ನು ಅರ್ಥ. ನನಗೆ ಸಿಟ್ಟು ಬರುವುದು ಇಲ್ಲಿ. ಆರವ್ ಎಂದರೆ ಶಾಂತ ಅಂತ ಎಷ್ಟೋ ಪಟ್ಟಿಗಳಲ್ಲಿದೆ. ಆರವ ಎಂದರೆ ಕೂಗು, ಸದ್ದು. ಕಲರವ ಎಂದು ಬರೆಯುವ ನಮಗೆ ಇದು ಹೊಳೆಯಬೇಕಿತ್ತು. ರೇಯಾನ್ಶ್ ಅಂದರೆ ಬೆಳಕಿನ ಅಂಶವಂತೆ. ಅಂಶ ಇದೆ, ಬೆಳಕು ಎನ್ನುವ 'ರೇಯ' ಸಂಸ್ಕೃತದಲ್ಲಿಲ್ಲ. ಕಿಯಾನ್ ಪರ್ಶಿಯನ್, ಅಲ್ಲಿನ ಪುರಾಣದ ಅರಸರ ವಂಶಕ್ಕೆ ಸೇರಿದ್ದು. ಕಿಯಾರಾ ಇಟಲಿಯದು, ಸ್ವಚ್ಛ, ಬೆಳಗುವ ಎಂಬ ಅರ್ಥದ್ದು. ತಾನ್ಯಾ ರಷ್ಯನ್ನರ ತತ್ಯಾನಾ ಹೆಸರಿನ ಮುದ್ದಿನ ರೂಪ. ಎಲ್ಲವೂ ಒಳ್ಳೆಯ ಹೆಸರುಗಳೇ, ತಿಳಿದು ಇಟ್ಟರೆ ನನ್ನ ತಕರಾರಿಲ್ಲ. ಅವನ್ನು ಎಳೆದು ತಂದು ಲಕ್ಷ್ಮಿಯ ಹೆಸರು, ವಿಷ್ಣುವಿನ ಹೆಸರು ಎಂದು ನಂಬಿಸುವುದು ಮಾತ್ರ ಸುಳ್ಳು. ದೊಡ್ಡವನಾದ ಮೇಲೆ ಆ ಹುಡುಗನೇ ನಿಘಂಟು ತೆಗೆದು ನೋಡುತ್ತಾನೆ.

ನೀವೇ ಮೊದಲು ನೋಡಿ. ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ, ಇಂಗ್ಲಿಷಿನಲ್ಲಿ ಹುಡುಕಬೇಡಿ. ಮಹಾಪ್ರಾಣ ಅಲ್ಲೇ ಕಳೆದುಹೋಗುವುದು. ಧೃತಿ ಎಂದರೆ ಧೈರ್ಯ, ದೃತಿ ಎಂದರೆ ತೊಗಲಿನ ಚೀಲ. ಆಮೇಲೆ ಸಂಸ್ಕೃತವಾದರೆ ಆಪ್ಟೆ ಅಥವಾ ಮೋನಿಯರ್ ವಿಲಿಯಮ್ಸ್, ಕನ್ನಡವಾದರೆ 1894ರ ಕಿಟ್ಟೆಲ್ ಅಥವಾ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ತೆಗೆಯಿರಿ. ಮೊದಲ ಅರ್ಥಕ್ಕೇ ನಿಲ್ಲಬೇಡಿ, ಕೊನೆಯದರವರೆಗೂ ಓದಿ. ಇವು ಯಾವುದರಲ್ಲೂ ಸಿಗದ ಪದಕ್ಕೆ ಪಟ್ಟಿಯವರು ಕೊಟ್ಟ ಅರ್ಥವನ್ನು ಬಿಟ್ಟುಬಿಡಿ. ಕೊನೆಗೆ ಅಜ್ಜಿಯ ಕೈಲಿ ಹಿತ್ತಲಿನಿಂದ ಕೂಗಿಸಿ. ಕನ್ನಡದ ಕೂಗು ಕೊನೆಯ ಸ್ವರವನ್ನು ಎಳೆಯುತ್ತದೆ. 'ನ್ಶ್' ಎಂದು ಮುಗಿಯುವ ಹೆಸರಲ್ಲಿ ಎಳೆಯುವುದಕ್ಕೆ ಸ್ವರವೇ ಇಲ್ಲ. ಅಜ್ಜಿ ಅದಕ್ಕೊಂದು 'ಉ' ಸೇರಿಸಿಯೇ ಸೇರಿಸುತ್ತಾರೆ, ಮಗುವಿಗೆ ಉಳಿಯುವ ಹೆಸರು ಅದೇ.

ಆದರೆ ಯಾರೂ ಇಡದ ಹೆಸರು ಯಾಕೆ ಬೇಕು? ನಮ್ಮಲ್ಲಿ ವಿಚಿತ್ರವಾಗಿ ಕೇಳಿಸುವ ಹೆಸರುಗಳ ಹಿಂದೆ ಜನ ಇದ್ದಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದರು, ಸಾವಿಗೂ ಇದು ಬೇಡವಾಗಲಿ ಎಂದು. ತಿರಕಪ್ಪ, ತಿರಕವ್ವ ಬಂದದ್ದೂ ಹಾಗೆಯೇ, ಭಿಕ್ಷೆ ಬೇಡಿ ಪಡೆದ ಕೂಸು ಎಂಬ ಲೆಕ್ಕದಲ್ಲಿ. (ಚಿತ್ರದುರ್ಗದ ಕಡೆಯ ತಿಪ್ಪೇಸ್ವಾಮಿಗಳದು ಬೇರೆ, ಅದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು.) ಈ ಹೆಸರು ಹೊತ್ತವರನ್ನು ನೋಡಿ ನಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಒಬ್ಬ ತಾಯಿಯ ಹೆದರಿಕೆ ಅದರಲ್ಲಿದೆ.

ಕವಿ ರನ್ನನನ್ನು ನೋಡಿ. ಅವನ ಹೆಸರೇ 'ರತ್ನ'ದ ತದ್ಭವ. ತನಗೆ ಆಸರೆಯಾದ ಚಾವುಂಡರಾಯನ ನೆನಪಿಗೆ ಮಗನಿಗೆ ರಾಯ ಎಂದು, ಅತ್ತಿಮಬ್ಬೆಯ ನೆನಪಿಗೆ ಮಗಳಿಗೆ ಅತ್ತಿಮಬ್ಬೆ ಎಂದು ಇಟ್ಟ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ಹೆಣ್ಣುಮಗಳು ಆ ಹಿರಿಯ ಅತ್ತಿಮಬ್ಬೆ. ಯಾರ ಹೆಸರು ಇಡೋಣ ಎಂದು ನೀವು ಕೇಳಿದ್ದರೆ ಇಡೀ ಸಂಜೆ ನಿಮ್ಮ ಜೊತೆ ಕೂತಿರುತ್ತಿದ್ದೆ. ನಿಮ್ಮ ಮುತ್ತಜ್ಜಿಯ ಹೆಸರೇನು, ಅವರನ್ನು ಸಾಕಿದವರು ಯಾರು, ಮನೆದೇವರ ಊರು ಯಾವುದು ಎಂದು ನಾನೂ ಕೇಳುತ್ತಿದ್ದೆ. ಹೆಸರು ಅಲ್ಲಿ ಸಿಗುತ್ತದೆ. ಸಿಗದಿದ್ದರೆ ಇಂಚರ, ನೇಸರ, ಎಲರು ಇವೆ: ಇನಿದನಿ, ಸೂರ್ಯ, ಗಾಳಿ.

ನಾಳೆಯೇ ಬೇಕು ಎನ್ನುವ ಗಡಿಬಿಡಿಯೂ ಬೇಡ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ನಿಜ. ಆದರೆ ಹೆಸರಿಲ್ಲದೆಯೂ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನದ ದಾಖಲೆ ಎಂದರೆ ಆ ಪ್ರಮಾಣಪತ್ರವೇ. ಹಾಗಾಗಿ ಸಹಿ ಹಾಕುವ ಮೊದಲು ಕನ್ನಡದ ಸಾಲು, ಇಂಗ್ಲಿಷಿನ ಸಾಲು ಎರಡನ್ನೂ ಅಕ್ಷರ ಅಕ್ಷರವಾಗಿ ಓದಿ. ಕನ್ನಡದಲ್ಲಿ 'ಧ'ಕ್ಕೆ 'ದ' ಬಿದ್ದಿದ್ದರೆ ಅಲ್ಲೇ ತಿದ್ದಿಸಿ.